ಗೋಡೆ ತುಂಬ ವೀರೇಂದ್ರ

ಹಾವೇರಿಯ ಬಸ್ ನಿಲ್ದಾಣದಲ್ಲಿ ಜಪ ಮುಗಿಸಿ ಕುಳಿತಿದ್ದ ಪುರಾಣಿಕರ ಕಿವಿಗೆ, ಬಣ್ಣದ ಡಬ್ಬಿ ಹಿಡಿದ ಪ್ರಭುಲಿಂಗಪ್ಪನೂ ಅವನ ಮಡದಿ ಪ್ರೇಮವ್ವನೂ ಆಡುತ್ತಿದ್ದ ಮಾತು ಬಿದ್ದಿತು.

“ನಿಮ್ಮಣ್ಣ ತನ್ನ ಭಟ್ಟಿಯಿಂದ ಆರಿಸಿ ಕೊಟ್ಟ ಇಟ್ಟಂಗಿ ಚಲೋನ ಅದಾವ. ಆದ್ರ ಗೌಂಡಿ ಅವುಗಳ ಮ್ಯಾಲಿನ ನಿಮ್ಮಣ್ಣನ ಹೆಸರಿನ ಮುದ್ರಿ ಹೊರಗ ಕಾಣೂಹಂಗ ಕಟ್ಯಾನಲ್ಲ!”

“ಕೊಟ್ಟವರ ಹೆಸರು ಮುಚ್ಚಬಾರದಂತ ಭಕ್ತಿಲೆ ಕಟ್ಯಾನ್ರಿ.”

“ಗ್ವಾಡಿ ತುಂಬ ‘ವೀರೇಂದ್ರ’! ಮಂದಿ ನನ್ನ ಮನೀನ ವೀರೇಂದ್ರನ ಮನಿ ಅನ್ನಾಕತ್ತಾರ. ಇವತ್ತ ದಪ್ಪಗ ಬಣ್ಣ ಬಳೀತೇನಿ.”

“ನಾಡದು ಗೃಹಪ್ರವೇಶಕ್ಕ ಅಣ್ಣ ಬಂದು ನೋಡಿ ನೊಂದ್ಕೋತಾನ್ರಿ. ಒಂದಾರ ಹೆಸರು ಬಿಡ್ರಿ.”

“ಒಂದ?”

“ಒಂದ.”

ಸಂಧಾನವಾಯಿತೆಂದೇ ಪುರಾಣಿಕರು ಭಾವಿಸಿದರು. ಅಷ್ಟರಲ್ಲಿ ಕರ್ಜಗಿಯ ಬಸ್ಸು ಬಂದಿತು.

“ಆತು, ಬಿಡ್ತೇನಿ. ಯಾವದು?”

“ತಲಬಾಗಲ ಮ್ಯಾಲಿಂದು,” ಎಂದು ಪ್ರೇಮವ್ವ ಬಸ್ಸೇರಿದಳು.

ಡಬ್ಬಿಯೊಡನೆ ಅವನೂ ಏರಿದನು.