ಗುಡ್ಡದ ಮೇಲೆ ಮೂರು ದಿನ ಮಳೆ

ಗುಡ್ಡದೂರಿನ ಆಸ್ಪತ್ರೆಗೆ ವರ್ಗವಾಗಿ ಬಂದು ತಿಂಗಳಷ್ಟೇ ಆಗಿದ್ದ ನರ್ಸಮ್ಮ ಸಂಜೆ ಬಸ್ಸಿಗೆ ಕಾಯುತ್ತಿದ್ದಳು. ಬೆಂಚಿನ ಆ ತುದಿಯಲ್ಲಿ ಆಡು ಸಾಕುವ ಹೆಂಗಸೊಬ್ಬಳು ಹಿಂಡಿಯ ಚೀಲ ಇಳಿಸಿ ಕೂತಿದ್ದಳು. ಅವಳನ್ನು ಹುಡುಕಿಕೊಂಡು ಮೈದುನ ಬಂದ.

“ನಾಳೆಯಿಂದ ಮೂರು ದಿನ ಗಾಳಿ ಮಳೆಯಂತೆ, ಅತ್ತಿಗೆ.”

“ಮಳೆ ನಂಗೇನು ಹೊಸ ನೆಂಟನಾ?”

“ಗುಡ್ಡ ಕುಸಿದ್ರೆ ದಾರಿನೇ ಇರಲ್ಲ. ಮೇಲೆ ಒಬ್ಬರೇ ಏನ್ಮಾಡ್ತೀರಿ? ನಮ್ಮನೇಗೆ ಬನ್ನಿ.”

“ಆಡುಗಳು?”

“ಅವನ್ನೂ ಹೊಡ್ಕೊಂಡು ಬರೋಣ.”

“ನಿನ್ನ ಹೆಂಡ್ತಿ ಮುಖ ಊದಿಸ್ಕೊಳ್ಳಲ್ವೇನೋ?”

“ಅವಳೇ ಕಳಿಸಿದ್ದು. ನಿಮ್ಮನ್ನ ಬಿಟ್ಟು ಬಂದ್ರೆ ನಂಗೂ ಹೊರಗೇ ಹಾಸಿಗೆಯಂತೆ. ಬರ್ತೀರೋ ಇಲ್ವೋ?”

ಅತ್ತಿಗೆ ಚೀಲದ ಬಾಯಿಯ ಗಂಟು ಬಿಚ್ಚಿ ಮತ್ತೆ ಕಟ್ಟತೊಡಗಿದಳು.

“ಬರ್ತೀನಿ.”

ಆ ಮಾತು ಬಂದದ್ದು ನರ್ಸಮ್ಮನ ಬಾಯಿಂದ. ಇಬ್ಬರೂ ತಿರುಗಿ ನೋಡಿದರು. ಅವಳು ಗಡಬಡಿಸಿ ಫೋನನ್ನು ಕಿವಿಗಿಟ್ಟುಕೊಂಡು, “ಹೂಂ, ಬರ್ತೀನಿ, ಊಟಕ್ಕೆ ಕಾಯ್ಬೇಡಿ” ಎಂದಳು. ಬಂದಾಗಿನಿಂದ ಆ ಫೋನಿಗೆ ಆಸ್ಪತ್ರೆಯವರದು ಬಿಟ್ಟರೆ ಒಂದು ಕರೆಯೂ ಬಂದಿರಲಿಲ್ಲ.

“ನೋಡಿ, ಅವರಿಗೂ ಮನೇಲಿ ಕಾಯ್ತಿದ್ದಾರೆ” ಎಂದ ಮೈದುನ.

“ಸರಿ ನಡಿಯಪ್ಪ, ಕತ್ತಲಾಗೋ ಮುಂಚೆ ಆಡು ಹಿಡೀಬೇಕು” ಎನ್ನುತ್ತಾ ಅತ್ತಿಗೆ ಎದ್ದಳು.

ಅವರು ಗುಡ್ಡದ ತಿರುವು ದಾಟುವವರೆಗೂ ನರ್ಸಮ್ಮ ಫೋನನ್ನು ಕಿವಿಯಿಂದ ಇಳಿಸಲಿಲ್ಲ.