ಬೆರಿಲ್‌ಳ ದನಿ

ಲೀಡ್ಸ್‌ನ ಬಸ್ ನಿಲ್ದಾಣದಲ್ಲಿ ತನ್ನ ಮುಂದೆ ನಿಂತಿದ್ದ ಇಬ್ಬರು ಮುದುಕಿಯರ ಮಾತು ನರ್ಸ್ ಐಲೀನ್‌ಳ ಕಿವಿಗೆ ಬಿತ್ತು.

"ಹನ್ನೊಂದು ವರ್ಷ ಟೀವಿ ರಸಪ್ರಶ್ನೇಲಿ ನಕ್ಕೊಂಡು ಬಹುಮಾನದ ಮುಂದಿನ ಪರದೆ ಸರಿಸ್ದೆ ಕಣೇ ಎನಿಡ್. ಒಂದ್ ಮಾತೂ ಆಡೋಕೆ ಬಿಡ್ಲಿಲ್ಲ."

"ನಿನ್ನ ಈ ಯಾರ್ಕ್‌ಶೈರ್ ಸೀಮೆ ದನಿ ಕೇಳಿದ್ರೆ ಜನ ಟೀವಿ ಆರಿಸ್ತಾರೆ ಅಂದಿದ್ನಲ್ಲ, ಆ ನಿರ್ಮಾಪಕ!"

"ಈಗ ಅದೇ ದನಿ ಬೇಕಂತೆ. ಭಾನುವಾರದ ರಸಪ್ರಶ್ನೆ ಪೂರ್ತಿ ನಾನೇ ನಡೆಸ್ಬೇಕಂತೆ."

"ಎಪ್ಪತ್ತೆಂಟನೇ ವಯಸ್ಸಿಗಾ! ಮತ್ತೆ ಪರದೆ ಸರಿಸೋರು ಯಾರು?"

"ಒಬ್ಬ ಗಂಡಸು. ಅವನಿಗೂ ಮಾತಾಡೋಕೆ ಬಿಡ್ಬೇಕು ಅಂತ ಷರತ್ತು ಹಾಕಿದೀನಿ."

"ಜಾಸ್ತಿ ಬಿಡ್ಬೇಡ ಕಣೇ ಬೆರಿಲ್!"

ಇಬ್ಬರೂ ಬಿದ್ದು ಬಿದ್ದು ನಕ್ಕರು. ಬಸ್ಸು ಬಂತು. ಹತ್ತುತ್ತಲೇ ಬೆರಿಲ್ ಚಾಲಕನಿಗೆ, "ನಡಿಯಪ್ಪಾ, ಹೊರಡು!" ಎಂದಳು. ಬಸ್ಸಿಗೆ ಬಸ್ಸೇ ತಿರುಗಿ ನೋಡಿತು.

ಟೀವಿಯ ಆ ಮುಖ ಐಲೀನ್‌ಗೆ ಚಿಕ್ಕಂದಿನಿಂದ ಗೊತ್ತು. ದನಿ ಕೇಳಿದ್ದು ಇದೇ ಮೊದಲು.