ಹಾಲಪ್ಪ ಸರ್ ತೆರೆದಿಟ್ಟ ಸ್ಲಾಟ್

ವೇದಿಕೆಯ ಹಿರಿಯರಿಗೆ, ಬರೋಡಾ, ಸೂರತ್‌ಗಳಿಂದ ರೈಲು ಹತ್ತಿ ಬಂದವರಿಗೆ, ಹಾಲಪ್ಪ ಸರ್ ಅವರ ಪತ್ನಿ ಸೀತಮ್ಮನವರಿಗೆ, ಮಗಳು ಚಿನ್ಮಯಿಗೆ — ನಮಸ್ಕಾರ.

ನಾನು ಮಂಥನ್. ವಟ್ವಾದ ನಮ್ಮ ಕಂಪನಿಯಲ್ಲಿ ಹಾಲಪ್ಪ ಸರ್ ಕಂಪ್ಯೂಟರ್ ವಿನ್ಯಾಸ ಮಾಡುತ್ತಿದ್ದರು, ನಾನು ಅದನ್ನು ಪರೀಕ್ಷೆ ಮಾಡುತ್ತಿದ್ದೆ. ಒಂಬತ್ತನೇ ತರಗತಿಗೆ ಶಾಲೆ ಬಿಟ್ಟವನು. ಇಂಥ ಶ್ರದ್ಧಾಂಜಲಿ ಸಭೆಯಲ್ಲಿ ಮಾತಾಡಿ ಅಭ್ಯಾಸವಿಲ್ಲ. ಮಾತು ತಪ್ಪಿದರೆ ಕ್ಷಮಿಸಿ.

ನನಗಿಂತ ಮೊದಲು ಮಾತಾಡಿದ ಮೂವರೂ, ಸರ್ ಅವರ ವಿನ್ಯಾಸದಲ್ಲಿ ಒಂದೇ ಒಂದು ದೋಷ ಇರಲಿಲ್ಲ ಎಂದರು. ಇತ್ತು. — ಇತ್ತು ಎಂದು ಹೇಳಿದವರು ಸರ್ ಅವರೇ.

ಸ್ಲಾಟ್ ಎಂದರೆ ಕಂಪ್ಯೂಟರಿನ ಒಳಗೆ ಹೆಚ್ಚುವರಿ ಕಾರ್ಡು ಸಿಕ್ಕಿಸುವ ಸೀಳು. ಸಾಮಾನ್ಯವಾಗಿ ಅದರ ಎರಡೂ ತುದಿ ಮುಚ್ಚಿರುತ್ತವೆ. ಸರ್ ಒಂದು ತುದಿಯನ್ನು ತೆರೆದಿಟ್ಟರು — ಇಗೋ, ಹೀಗೆ. ಉದ್ದ ಕಾರ್ಡೂ ಕೂರಬೇಕು, ಗಿಡ್ಡ ಕಾರ್ಡೂ ಕೂರಬೇಕು. ಬಟ್ಟೆಗೆ ಬಣ್ಣ ಹಾಕುವ ಮಿಲ್ಲಿನವರು ಹೊಸ ಯಂತ್ರ ತಂದಾಗಲೆಲ್ಲ ಅದನ್ನು ನಡೆಸಲು ಹೊಸ ಕಂಪ್ಯೂಟರ್ ಯಾಕೆ ಕೊಳ್ಳಬೇಕು? ಅದು ಅವರ ಹಟ. ಮೂರು ವರ್ಷ ಅದಕ್ಕೇ ಕೂತರು.

ಸುಮ್ಮನೆ ಕೂರಲು ನನಗೆ ಬರುವುದಿಲ್ಲ. ಒಂದು ದಿನ ಕಂಪ್ಯೂಟರಿನ ಡಬ್ಬವನ್ನು ಎತ್ತಿ ಗಡಗಡ ಅಲುಗಿಸಿದೆ. ಕಾರ್ಡು ತೆರೆದ ತುದಿಯ ಕಡೆಗೆ ಸೀಳಿನ ಒಂದು ಹಲ್ಲಿನಷ್ಟು ಜರುಗಿತ್ತು. ತೋರಿಸಿದೆ. ಸರ್ ನಕ್ಕರು.

"ಲೇ ಮಂಥನ್, ಕಂಪ್ಯೂಟರ್‌ನ ಯಾರಲೇ ಹಿಂಗ ಕುಣಿಸ್ತಾರ? ನಿನಗ ಕುರ್ಚಿ ಸುಡತೈತಿ ಅಂತ ಅದಕ್ಕೂ ಸುಡಬೇಕೇನು? ಸ್ಕ್ರೂ ಬಿಗಿ ಮಾಡು."

ಬಿಗಿ ಮಾಡಿದೆ. ನಾನೂ ನಕ್ಕೆ. 'ಪಾಸ್' ಎಂದು ಸಹಿ ಹಾಕಿದವನು ನಾನೇ.

ವಟ್ವಾದ ನಮ್ಮ ಮೇಜು ಅಲುಗುವುದಿಲ್ಲ. ಸೂರತ್‌ನ ಪಾಂಡೇಸರಾದ ಮಿಲ್ಲಿನ ನೆಲ ಅಲುಗುತ್ತದೆ. ದಿನವಿಡೀ ಅಲುಗುತ್ತದೆ. ನಾವಿಬ್ಬರೂ ಆ ನೆಲದ ಮೇಲೆ ಒಂದು ಗಂಟೆ ನಿಂತು ನೋಡಿರಲಿಲ್ಲ.

ಜೂನ್‌ನಲ್ಲಿ ಅಲ್ಲಿನ ಒಂದು ಮಿಲ್ಲಿನಲ್ಲಿ ಸ್ಕ್ರೂ ಸಡಿಲಾಗಿ ಕಾರ್ಡು ಜರುಗಿತು. ಕಂಪ್ಯೂಟರಿನ ಪರದೆ 'ಹಬೆ ಬಂದ್' ಎಂದು ತೋರಿಸುತ್ತಿತ್ತು. ಹಬೆ ಬಂದ್ ಆಗಿರಲಿಲ್ಲ. ಒಡಿಶಾದಿಂದ ಬಂದ ಸನಾತನ ಎಂಬ ಕೆಲಸಗಾರ ಪರದೆಯನ್ನು ನಂಬಿ ಬಣ್ಣದ ಯಂತ್ರದ ಮುಚ್ಚಳ ತೆಗೆದ. ಕುದಿಯುವ ಬಣ್ಣದ ನೀರು — ಮುಖ, ಎದೆ, ಎರಡೂ ಕೈ. ಒಂಬತ್ತು ದಿನ ಜೀವ ಹಿಡಿದಿದ್ದ.

ಸರ್ ಆಸ್ಪತ್ರೆಗೆ ಹೋಗಿ ನೋಡಿ ಬಂದರು. "ನೀ ಹೇಳಿದ್ದಿ. ನಾ ಕೇಳಲಿಲ್ಲ," ಎಂದರು. ಅಷ್ಟೇ. ನಗು ಅಲ್ಲಿಗೆ ನಿಂತಿತು.

ನಮ್ಮ ಕಂಪನಿಯ ಮಾಲೀಕರು, ಸೇಠ್, ಮುಂದಿನ ಸಾಲಿನಲ್ಲಿದ್ದಾರೆ. ಅವರಿಗೆ ಕನ್ನಡ ಬಾರದು, ಚಿನ್ಮಯಿ ಪಕ್ಕದಲ್ಲಿ ಕೂತು ಗುಜರಾತಿಯಲ್ಲಿ ಹೇಳುತ್ತಿದ್ದಾಳೆ. ಚಿನ್ಮಯಿ, ಇದನ್ನು ಬಿಡದೆ ಹೇಳು. — "ಹಾಲಪ್ಪಭಾಯ್, ಸ್ಕ್ರೂ ನೋಡಿಕೊಳ್ಳದೇ ಇದ್ದದ್ದು ಮಿಲ್ಲಿನವರ ತಪ್ಪು ಅಂತ ಬರೆದುಕೊಡಿ," ಎಂದರು ಸೇಠ್. ಸರ್ ಬರೆದದ್ದು ಬೇರೆ: "ದೋಷ ನನ್ನ ವಿನ್ಯಾಸದ್ದು. ಹದಿನಾಲ್ಕು ಕಂಪ್ಯೂಟರ್‌ಗಳನ್ನೂ ನಿಲ್ಲಿಸಿ." ಆ ಕಾಗದ ಕಂಪನಿಯ ಬಾಗಿಲು ದಾಟಲಿಲ್ಲ.

ಆಗ ಸರ್ ತಾವೇ ಹೊರಟರು. ಮಿಲ್ಲಿನಿಂದ ಮಿಲ್ಲಿಗೆ. ಗೇಟಿನಲ್ಲಿ ಕಾಯಿಸಿದರು, ಬೈದರು. "ಕಾಕಾ, ನಿಮ್ಮ ಮಾಲಿಗೆ ನೀವೇ ಬೆಂಕಿ ಇಡ್ತೀರಾ?" ಎಂದು ಒಬ್ಬ ಮ್ಯಾನೇಜರ್ ಎಲ್ಲರ ಮುಂದೆ ನಕ್ಕ. ಬರೋಡಾದಲ್ಲಿ ಎರಡು, ಸೂರತ್‌ನಲ್ಲಿ ಎಂಟು ನಿಲ್ಲಿಸಿದರು. ಉಳಿದ ನಾಲ್ಕಕ್ಕಾಗಿ ಇದೇ ಹನ್ನೆರಡನೇ ತಾರೀಖು ಹೊರಟಾಗ ಮಣಿನಗರ ಸ್ಟೇಷನ್ನಿನ ಮೆಟ್ಟಿಲ ಮೇಲೆ ಕುಸಿದರು. ನಾನು ಟಿಕೆಟ್ ತರಲು ಮುಂದೆ ಓಡಿದ್ದೆ. ಬಂದು ನೋಡುವಷ್ಟರಲ್ಲಿ — ಇಲ್ಲ.

ಇವತ್ತು ಬೆಳಿಗ್ಗೆ ಸೀತಮ್ಮ, "ಆ ವಿಷ್ಯ ಮಾತ್ರ ಬ್ಯಾಡಪ್ಪ. ಅವರ ಹೆಸರು ಚಂದಾಗಿ ಉಳೀಲಿ," ಎಂದರು. "ಆಗಲ್ಲಮ್ಮ," ಎಂದೆ. ಆಮೇಲೆ ಅವರು ನನ್ನ ಮುಖ ನೋಡಿಲ್ಲ. ಈಗಲೂ ನೋಡುತ್ತಿಲ್ಲ. ಅಮ್ಮ, ದೋಷವೇ ಇರಲಿಲ್ಲ ಎಂದು ನಾವು ಇಲ್ಲಿ ಹೊಗಳಿ ಎದ್ದು ಹೋದರೆ ಆ ನಾಲ್ಕನ್ನು ಯಾರೂ ನಿಲ್ಲಿಸುವುದಿಲ್ಲ.

ಆ ನಾಲ್ಕೂ ಲಿಂಗರಾಜ ಅವರು ಮ್ಯಾನೇಜರ್ ಆಗಿರುವ ಮಿಲ್ಲಿನಲ್ಲಿವೆ. ಅಲ್ಲಿದ್ದಾರೆ, ಮೂರನೇ ಸಾಲು. ಈ ದೊಡ್ಡ ಹಾರ ತಂದವರು ಅವರೇ. ಹೊರಗೆ ಚಹಾ ಕುಡಿಯುವಾಗ ಕೇಳಿದೆ. "ದೀಪಾವಳಿ ಆರ್ಡರ್ ಐತಿ ಮಾರಾಯಾ, ಒಂದು ವಾರ ತಡಿ," ಎಂದರು. ಲಿಂಗರಾಜ ಅವರೇ, ನಾವು ಇಲ್ಲಿ ಕೂತಿರುವ ಈ ಹೊತ್ತಿನಲ್ಲೇ ಆ ನಾಲ್ಕು ಯಂತ್ರಗಳ ಮುಂದೆ ನಾಲ್ವರು ಪರದೆ ನೋಡುತ್ತ ನಿಂತಿದ್ದಾರೆ.

ಎರಡು ನಿಮಿಷದ ಮೌನ ಕೋರಿ ಮುಗಿಸು ಎಂದು ಕನ್ನಡ ಸಂಘದವರು ಚೀಟಿ ಕಳಿಸಿದ್ದಾರೆ. ಕೋರುತ್ತೇನೆ. ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ — ಹಾಲಪ್ಪ ಸರ್‌ಗಾಗಿ, ಸನಾತನನಿಗಾಗಿ.

ಲಿಂಗರಾಜ ಅವರೇ, ನೀವೊಬ್ಬರು ಮಾತ್ರ ಮಾತಾಡಿ. ಮಿಲ್ಲಿಗೆ ಫೋನ್ ಹಚ್ಚಿ, ನಾಲ್ಕನ್ನೂ ನಿಲ್ಲಿಸಲು ಹೇಳಿ. ನೀವು ಹೇಳುವವರೆಗೆ ನಾವು ಯಾರೂ ಕೂರುವುದಿಲ್ಲ.